ಕಾರ್ಡು ಮುಚ್ಚಿಸಿದ ಅವ್ವ

“ಬಳಸದಿದ್ದರೂ ಇರಲಿ ಸರ್, ಉಚಿತ ಕಾರ್ಡು. ಸುಮ್ಮನಿದ್ದರೆ ನಷ್ಟವೇನು?” ಬ್ಯಾಂಕಿನ ಹುಡುಗಿ ಫೋನಿನಲ್ಲಿ ನಾಲ್ಕನೇ ಸಲ ಕೇಳಿದಳು. ಉಚಿತ ಎಂದರೆ ನಂಬದವನು ನಾನು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದವನು. ಆದರೂ ಎರಡು ವರ್ಷ ಮುಟ್ಟದ ಕ್ರೆಡಿಟ್ ಕಾರ್ಡನ್ನು ಮುಚ್ಚಿಸಲು ನನ್ನ ಒಂದು ವಾದವೂ ನಡೆಯಲಿಲ್ಲ.

ಶೇಂಗಾ ಸುಲಿಯುತ್ತಿದ್ದ ಅವ್ವ ಎದ್ದು ಬಂದಳು. “ಕೊಡೋ ಇಲ್ಲಿ, ನಿನ್ನ ಭಾಷಣ ಸಾಕು” ಎಂದು ಫೋನು ಕಸಿದುಕೊಂಡಳು.

“ನೋಡವ್ವ, ನಮ್ಮ ಹೊಲದಾಗ ನೀರಿಲ್ಲದ ಬಾವಿ ಇತ್ತು. ಸುಮ್ನ ಇರ್ಲಿ ಅಂತ ಬಿಟ್ರ ಯಾರಾರ ಬೀಳ್ತಾರಂತ ಮುಚ್ಚಿಸಿದ್ವಿ. ಇದನ್ನೂ ಮುಚ್ಚಿಬಿಡು.”

ಆ ಕಡೆ ಹುಡುಗಿ ನಕ್ಕಳು. “ಆಯ್ತಮ್ಮ, ಮುಚ್ಚಿಸ್ತೀನಿ.”

ಖಾತೆ ಮುಚ್ಚಿದ ಪತ್ರ ಕೊಟ್ಟೂರಿನ ನಮ್ಮ ಮನೆಗೆ ಬಂತು. ಅದೀಗ ನನ್ನ ಕಪ್‌ಗಳ ಸಾಲಿನಲ್ಲಿದೆ. ಬಂದವರಿಗೆಲ್ಲ ಅವ್ವ ಅದೊಂದನ್ನೇ ತೋರಿಸುತ್ತಾಳೆ.