ಶಾಲು ಹೊದಿಸಿದ ಮೇಲೆ

ಸಾವಿರದ ಒಂಬೈನೂರ ಎಂಬತ್ತರ ಆಸುಪಾಸಿನ ಮಾತು. ಇಳಕಲ್ಲಿನಲ್ಲಿ ನಮ್ಮ ಕಲ್ಲು ಪಾಲಿಶ್ ಶೆಡ್ಡಿನ ಪಕ್ಕ, ಕಲ್ಲು ತೆಗೆದು ಬಿಟ್ಟ ಹಳೆಯ ಕ್ವಾರಿಯಲ್ಲಿ ಆಳವಾಗಿ ನೀರು ನಿಂತಿತ್ತು. ಯಾರಾದರೂ ಬಿದ್ದರೆ ಜನ ನಮ್ಮ ಜೊತೆ ಕೆಲಸ ಮಾಡುತ್ತಿದ್ದ, ನಾವೆಲ್ಲ ಚಾಚಾ ಎನ್ನುತ್ತಿದ್ದ ಹಿರಿಯರನ್ನು ಕೂಗುತ್ತಿದ್ದರು. ಅವರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಮುಳುಗುತ್ತಿದ್ದರು. ಹಗ್ಗದ ಇನ್ನೊಂದು ತುದಿ ನನ್ನ ಕೈಯಲ್ಲಿ. ಅವರು ಎರಡು ಸಲ ಜಗ್ಗಿದರೆ ನಾನು ಎಳೆಯಬೇಕು.

ಊರವರು ಅವರಿಗೆ ಸನ್ಮಾನ ಇಟ್ಟರು. ವೇದಿಕೆ ಹತ್ತುವ ಮೊದಲು ಚಾಚಾ ಕೆಮ್ಮುತ್ತ ನನಗೆ ಹೇಳಿದರು: "ತಮ್ಮಾ, ಕಲ್ಲಿನ ಪುಡಿ ಎದಿಯಾಗ ಕುಂತೈತಿ. ಉಸರ ಹಿಡಿಯಾಕ ಆಗವಲ್ದು. ಇನ್ನ ಮುಳುಗಂಗಿಲ್ಲ ಅಂತ ಇವತ್ತ ಮೈಕಿನ್ಯಾಗ ಹೇಳಿಬಿಡ್ತೇನಿ."

ಅಧ್ಯಕ್ಷರು ಶಾಲು ಹೊದಿಸಿ, "ಇವರ ಇರೂತನಕ ನಮಗ ಕ್ವಾರಿ ಭಯ ಇಲ್ರಿ" ಎಂದರು. ಮುಂದೆ ಕುಳಿತಿದ್ದ ತಾಯಂದಿರು ಕೈಮುಗಿದರು. ಚಾಚಾ ಮೈಕು ಹಿಡಿದು ಆ ತಾಯಂದಿರ ಕಡೆ ನೋಡಿದರು. ಕಡೆಗೆ, "ಕರೀರಿ, ಬರ್ತೇನಿ" ಎಂದಷ್ಟೇ ಹೇಳಿದರು. ಚಪ್ಪಾಳೆಗೆ ನನ್ನ ಕೈ ಏಳಲಿಲ್ಲ.

ವಾರದೊಳಗೆ ಬಟ್ಟೆ ಒಗೆಯುತ್ತಿದ್ದ ಹೆಣ್ಣುಮಗಳೊಬ್ಬಳು ಜಾರಿ ನೀರಿಗೆ ಬಿದ್ದಳು. ಚಾಚಾ ಓಡಿಬಂದು ಅಂಗಿ ಬಿಚ್ಚಿದರು. ಅವರ ಉಸಿರು ಸೀಟಿ ಹೊಡೆಯುತ್ತಿತ್ತು. ನಾನು ಹಗ್ಗವನ್ನು ನನ್ನ ಸೊಂಟಕ್ಕೆ ಕಟ್ಟಿಕೊಂಡೆ.

"ಲೇ, ನಿನಗ ಅಷ್ಟ ಆಳ ರೂಢಿಲ್ಲ."

"ನಿಮಗ ಮೊದಲನೇ ಸಲ ರೂಢಿ ಇತ್ತೇನು? ಹಗ್ಗ ಹಿಡೀರಿ ಚಾಚಾ."

ಕೆಳಗೆ ಕಪ್ಪು ನೀರು. ಆಕೆಯ ಸೀರೆ ಕೈಗೆ ಸಿಕ್ಕಿತು. ಎರಡು ಸಲ ಜಗ್ಗಿದೆ. ಮೇಲಿನಿಂದ ಎಳೆಯುವುದು ತಡವಾಯಿತು. ಚಾಚಾ ಕೆಮ್ಮುತ್ತಿದ್ದರಂತೆ.

ಆಕೆ ಬದುಕಿದಳು. ಆಮೇಲೆ ಜನ ನನ್ನನ್ನು ಕೂಗತೊಡಗಿದರು, ಸನ್ಮಾನ ಮಾಡುತ್ತೇವೆ ಎಂದರು. ನಾನೂ ಅದೇ ಶೆಡ್ಡಿನ ಕಲ್ಲಿನ ಪುಡಿ ಉಸಿರಾಡುತ್ತಿದ್ದವನು. ಶಾಲು ಬೇಡ, ಮುಳುಗುವುದನ್ನು ಕಲಿಯಲು ಇಬ್ಬರಾದರೂ ಬನ್ನಿ ಎಂದೆ. ಯಾರೂ ಬರಲಿಲ್ಲ.