ತಾಟೆ ಮೀನಿನ ಕಾದಂಬರಿಯ ಕೊನೆಯ ಹಾಳೆ

೧೯೯೧ರಲ್ಲಿ, ಕಾರ್ಕಳದಲ್ಲಿ, ಎಂಟನೇ ತರಗತಿಯ ಮಧ್ಯದಲ್ಲಿ ನಾನು ಶಾಲೆ ಬಿಟ್ಟೆ. ಫೇಲಾಗಿ ಬಿಟ್ಟದ್ದಲ್ಲ. ಕಲ್ಲು ಕೆಲಸ ಮಾಡುತ್ತಿದ್ದ ತಂದೆಯ ಬೆನ್ನು ಹೋಯಿತು, ಮನೆಗೆ ದುಡಿಯುವ ಕೈ ಬೇಕಿತ್ತು. ಉಡುಪಿಯ ಒಂದು ಗುಜರಿ ಅಂಗಡಿಯಲ್ಲಿ ಹಳೇ ಪೇಪರ್ ಕಟ್ಟುವ ಕೆಲಸಕ್ಕೆ ಸೇರಿದೆ. ಪೇಪರಿನ ನಡುವೆ ಪುಸ್ತಕಗಳೂ ಬರುತ್ತಿದ್ದವು. ಹಾಳೆ ಹರಿಯದ ಪುಸ್ತಕವನ್ನು ತೂಕಕ್ಕೆ ಹಾಕಲು ನನಗೆ ಮನಸ್ಸು ಬರುತ್ತಿರಲಿಲ್ಲ, ಧಣಿಯನ್ನು ಕೇಳಿ ಬದಿಗಿಡುತ್ತಿದ್ದೆ. ಹಾಗೆ ಬದಿಗಿಟ್ಟದ್ದೇ ಮುಂದೆ ಮಣಿಪಾಲದಲ್ಲಿ ನನ್ನ ಅಂಗಡಿಯಾಯಿತು. ಹಳೇ ಪುಸ್ತಕ ಮಾರುತ್ತೇನೆ, ಓದಲಿಕ್ಕೆ ಬಾಡಿಗೆಗೂ ಕೊಡುತ್ತೇನೆ. ಕೋರ್ಸು ಮುಗಿಸಿ ಹಾಸ್ಟೆಲ್ ಖಾಲಿ ಮಾಡುವವರು ತಂದು ಸುರಿಯುವ ಕಾದಂಬರಿಗಳೇ ನನ್ನ ಬಂಡವಾಳ. ಯಾರ ಮುಂದೆಯೂ ಕೈ ಚಾಚದೆ ಇಷ್ಟು ಮಾಡಿದ್ದೇನೆ. ಹೇಳಿಕೊಳ್ಳಲು ನನಗೆ ನಾಚಿಕೆ ಇಲ್ಲ.

ನಮ್ಮ ಅಂಗಡಿಯಲ್ಲಿ ಒಂದು ರೂಢಿ ಉಂಟು. ಓದಿ ಮುಗಿಸಿದವರು ಪುಸ್ತಕದ ಕೊನೆಯ ಖಾಲಿ ಹಾಳೆಯಲ್ಲಿ ಪೆನ್ಸಿಲಿನಿಂದ ಒಂದು ಮಾತು ಬರೆಯುತ್ತಾರೆ. ನಾನು ಹೇಳಿ ಶುರುವಾದದ್ದಲ್ಲ. ಯಾರೋ ಬರೆದರು, ಇನ್ಯಾರೋ ಅದರ ಕೆಳಗೆ ಉತ್ತರ ಕೊಟ್ಟರು, ಬೆಳೆಯಿತು. ಹೊಸಬರು ಪುಸ್ತಕ ಕೈಗೆತ್ತಿಕೊಂಡರೆ ಮೊದಲು ತೆರೆಯುವುದು ಆ ಹಾಳೆಯನ್ನೇ. ಪೆನ್ನು ಮಾತ್ರ ಮುಟ್ಟಿಸಲು ಬಿಡುವುದಿಲ್ಲ ನಾನು. "ಅಂಕಲ್, ಇದು ಹೇಗುಂಟು?" ಎಂದು ಕೇಳಿದರೆ ಕನ್ನಡದ್ದಾದರೆ ಓದಿದ್ದನ್ನು ಹೇಳುತ್ತಿದ್ದೆ. ಇಂಗ್ಲಿಷಿನದಾದರೆ ಆ ಹಾಳೆಯನ್ನು ನೋಡಿ ಹೇಳುತ್ತಿದ್ದೆ. ಇಪ್ಪತ್ತು ವರ್ಷಕ್ಕೂ ಮೇಲೆ ಅಂಗಡಿ ಹೀಗೆಯೇ ನಡೆಯಿತು.

ಕಳೆದ ವರ್ಷ ಮಳೆಗಾಲಕ್ಕೆ ಮೊದಲು ಒಂದು ದಪ್ಪ ಇಂಗ್ಲಿಷ್ ಕಾದಂಬರಿ ಬಂತು. ರಟ್ಟಿನ ಮೇಲೆ ಬಾಯಿ ತೆರೆದ ಶಾರ್ಕ್. ನಮಗೆಲ್ಲ ಅದು ತಾಟೆ ಮೀನು. ಆದರೆ ಈ ತಾಟೆ ಮನುಷ್ಯ ಹುಟ್ಟುವ ಮೊದಲೇ ವಂಶ ಅಳಿದುಹೋದದ್ದಂತೆ, ಸಮುದ್ರದ ಅಡಿಗೆ ಕೇಬಲ್ ಇಳಿಸುವ ಹಡಗೊಂದು ಅದನ್ನು ಎಬ್ಬಿಸಿಬಿಡುತ್ತದಂತೆ. ಪುಸ್ತಕ ಕೈಯಿಂದ ಕೈಗೆ ಹೋಯಿತು. ಕೊನೆಯ ಹಾಳೆ ಬೇಗ ತುಂಬಿತು. ಒಬ್ಬರು ಕೂತಲ್ಲೇ ಓದಿ ಮುಗಿಸಿದೆ ಎಂದು ಬರೆದರೆ, ಕೆಳಗಿನವರು ಮೊದಲ ನೂರು ಪುಟ ಹಾರಿಸಿ ಎಂದರು. ಹಾರಿಸಿದರೆ ಹಡಗಿನ ಅಡುಗೆಯವನೇ ಸಿಗುವುದಿಲ್ಲವಲ್ಲ ಎಂದು ಮತ್ತೊಬ್ಬರು. ವಿಜ್ಞಾನವೆಲ್ಲ ತಪ್ಪು ಎಂದು ಒಂದು ಕೈಬರಹ. ವಿಜ್ಞಾನ ಬೇಕಾದವರು ಕಾಲೇಜಿಗೆ ಹೋಗಲಿ ಎಂದು ಅದರ ಕೆಳಗೆ.

ಒಂದು ಶನಿವಾರ ಆ ಜಗಳ ನನ್ನ ಮೇಜಿನ ಮುಂದೆಯೇ ಆಯಿತು. ಒಂದು ಕಡೆ ಕಾರ್ಕಳದ ಮೇಡಂ. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತರಾದವರು, ಶನಿವಾರ ಶನಿವಾರ ಮಣಿಪಾಲದ ಮಗಳ ಮನೆಗೆ ಬರುವಾಗ ನನ್ನಲ್ಲಿ ಎರಡು ಪುಸ್ತಕ ಒಯ್ಯುವವರು. ಅಂಗಡಿ ತೆರೆದಾಗಿನಿಂದ ತಪ್ಪದೆ ಬಂದವರು ಅವರೊಬ್ಬರೇ. ಇನ್ನೊಂದು ಕಡೆ ಡಾಕ್ಟರಿಕೆ ಓದುವ ಹುಡುಗಿ, ಪರವೂರಿನವಳು, ಇಲ್ಲಿಗೆ ಬಂದು ಕನ್ನಡ ಕಲಿತವಳು.

"ಹಲ್ಲು ಬಿಟ್ಟರೆ ಇದರಲ್ಲಿ ಬೇರೆ ಎಂತ ಉಂಟು?" ಎಂದರು ಮೇಡಂ.

"ಹಲ್ಲಿಗಾಗಿಯೇ ನಾನು ತಗೊಂಡದ್ದು ಮೇಡಂ."

"ಹಾಗಾದರೆ ನೀನು ದಂತವೈದ್ಯಕೀಯಕ್ಕೆ ಸೇರಬೇಕಿತ್ತು."

ಹುಡುಗಿ ನಕ್ಕು ನನ್ನ ಕಡೆ ತಿರುಗಿದಳು. "ಅಂಕಲ್, ನೀವು ಹೇಳಿ. ಒಳ್ಳೇದಾ, ಕೆಟ್ಟದಾ?"

"ಇಬ್ಬರು ಹೇಳುವುದೂ ಸರಿಯೇ," ಎಂದೆ. ಅಂಗಡಿಯಲ್ಲಿ ಕೂತವನ ಉತ್ತರ ಅದು.

"ಅವರನ್ನು ಯಾಕೆ ಎಳೀತಿ?" ಎಂದರು ಮೇಡಂ. "ಅವರು ಅಂಗಡಿಯವರು. ಓದುವ ಅಗತ್ಯ ಅವರಿಗಿಲ್ಲ."

ಚುಚ್ಚಬೇಕೆಂದು ಹೇಳಿದ್ದಲ್ಲ, ನನ್ನನ್ನು ಕಷ್ಟದಿಂದ ಬಿಡಿಸಲಿಕ್ಕೆ ಹೇಳಿದ್ದು. ನಾನೂ ನಗುತ್ತಲೇ ಅವರ ಪುಸ್ತಕ ಕಟ್ಟಿಕೊಟ್ಟೆ. ಆದರೆ ಅವರು ಬಸ್ಸು ಹತ್ತಿದ ಮೇಲೂ ಆ ಮಾತು ಅಂಗಡಿಯಲ್ಲೇ ಉಳಿಯಿತು. ಸುತ್ತ ಪುಸ್ತಕ, ನಡುವೆ ನಾನು, ನನಗೆ ಅಗತ್ಯವಿಲ್ಲ. ತಾಟೆ ಮೀನನ್ನು ಚೀಲಕ್ಕೆ ಹಾಕಿಕೊಂಡೆ. ನಾನು ಮುಗಿಸುವವರೆಗೆ ಇದು ಬಾಡಿಗೆಗಿಲ್ಲ, ಮುಗಿಸಿದ ದಿನ ಮೇಡಂ ಎದುರು ನಿಂತು ನನ್ನ ಮಾತು ಹೇಳುತ್ತೇನೆ ಎಂದು ನಿಶ್ಚಯ ಮಾಡಿದೆ.

ಮನೆ ಕಾಪುವಿನಲ್ಲಿ, ಹೆಂಡತಿಯ ಊರು. ದಿನಾ ಉಡುಪಿಗೆ ಬಂದು ಮಣಿಪಾಲದ ಬಸ್ಸು ಹಿಡಿಯಬೇಕು. ಓದಿದ್ದು ಆ ಬಸ್ಸಿನಲ್ಲಿ. ಮೊದಲ ವಾರ ಕಾಪುವಿನಲ್ಲಿ ತೆರೆದ ಪುಟ ಉಡುಪಿ ಬಂದರೂ ಮುಗಿಯುತ್ತಿರಲಿಲ್ಲ. ಗೊತ್ತಿಲ್ಲದ ಪದವನ್ನು ಅಂದಾಜಿನ ಮೇಲೆ ದಾಟುತ್ತಿದ್ದೆ. ಮನೆಯಲ್ಲೂ ಜಗಲಿಯಲ್ಲಿ ಕೂತು ಓದುವುದು ಕಂಡು ಹೆಂಡತಿ, "ಪರೀಕ್ಷೆ ಯಾವಾಗ?" ಎಂದಳು.

"ಶನಿವಾರ," ಎಂದೆ.

"ಯಾವ ಶನಿವಾರ?"

"ಅದು ಇನ್ನೂ ಗೊತ್ತಿಲ್ಲ."

ಹೆಂಡತಿಯ ಅಣ್ಣ ಬೋಟಿಗೆ ಹೋಗುವವನು. ಮಳೆಗಾಲದಲ್ಲಿ ಬೋಟು ದಡದಲ್ಲಿರುವುದರಿಂದ ಸಂಜೆ ನಮ್ಮಲ್ಲಿಗೆ ಬಂದು ಕೂರುತ್ತಿದ್ದ. ಕಥೆ ಎಲ್ಲಿಯವರೆಗೆ ಬಂತೆಂದು ಕೇಳುವುದು ಅವನಿಗೆ ಆಟ.

"ಭಾವ, ಇವತ್ತು ತಾಟೆ ಒಂದು ಶಾಲೆಯನ್ನೇ ಒಡೆದು ಹಾಕಿತು," ಎಂದೆ ಒಂದು ದಿನ.

"ಶಾಲೆ ದಡದಲ್ಲಿತ್ತಾ, ನೀರಿನಲ್ಲಿತ್ತಾ?"

"ದಡದಲ್ಲೇ ಇರಬೇಕು."

"ಹಾಗಾದರೆ ಅದು ತಾಟೆ ಅಲ್ಲ ಮಾರಾಯ, ಆನೆ." ಚಾ ಲೋಟ ಕೆಳಗಿಟ್ಟ. "ನಮ್ಮಲ್ಲಿ ಬಾಳಂತಿಗೆ ಸಾರು ಮಾಡಿ ಕೊಡುವ ಮೀನು ಅದು. ಅದಕ್ಕೆ ಹೆದರುವುದಕ್ಕೆ ಇಷ್ಟು ದಪ್ಪ ಪುಸ್ತಕ ಬೇಕಾ?"

ಅವನು ನಕ್ಕ, ನನಗೆ ನಗು ಬರಲಿಲ್ಲ. ಮ್ಯಾಕರೆಲ್ ಎಂಬ ಊರಿನ ಸ್ಕೂಲನ್ನು ತಾಟೆ ಚೆಲ್ಲಾಪಿಲ್ಲಿ ಮಾಡಿತು ಎಂದೇ ನಾನು ಓದಿಕೊಂಡಿದ್ದೆ. ಆ ಮಕ್ಕಳು ಏನಾದರು ಎಂದು ಮುಂದಿನ ಪುಟಗಳಲ್ಲಿ ಹುಡುಕಿದೆ. ಒಂದು ಮಗುವಿನ ಸುದ್ದಿಯೂ ಇಲ್ಲ. ಒಂದು ಶಾಲೆಯನ್ನು ಒಡೆದು ಹಾಕಿಸಿ, ಅದನ್ನೇ ಮರೆತು, ಕ್ಯಾಪ್ಟನ್ನನ ಪ್ರೇಮದ ಕಥೆ ಬರೆಯುತ್ತಾನಲ್ಲ ಎಂದು ಬರೆದವನ ಮೇಲೆ ಸಿಟ್ಟು ಬಂತು. ಪುಸ್ತಕದ ಕೊನೆ ಮುಟ್ಟಿದ ಮೇಲೂ ಆ ಸಿಟ್ಟು ಇಳಿಯಲಿಲ್ಲ. ಮೇಡಂಗೆ ಮೊದಲು ಹೇಳಬೇಕಾದ ಮಾತು ಇದೇ ಎಂದು ಸಿದ್ಧ ಮಾಡಿಕೊಂಡೆ.

ಶುಕ್ರವಾರ ಒಂದು ಯೋಚನೆ ಬಂತು. ತಲೆ ಎತ್ತಿ ಹೇಳಬೇಕಾದರೆ ಆ ಊರಿನ ಹೆಸರನ್ನಾದರೂ ಸರಿಯಾಗಿ ಹೇಳಬೇಕಲ್ಲ. ಅಂಗಡಿಯ ಕಪಾಟಿನಿಂದ ಇಂಗ್ಲಿಷ್ ಕನ್ನಡ ನಿಘಂಟು ತೆಗೆದೆ. ಮ್ಯಾಕರೆಲ್ ಎಂದರೆ ಬಂಗುಡೆ ಮೀನು. ಸ್ಕೂಲ್ ಎಂಬಲ್ಲಿ ಪಾಠಶಾಲೆಯ ಕೆಳಗೆ ಇನ್ನೊಂದು ಅರ್ಥ: ಮೀನಿನ ಹಿಂಡು.

ಕಾಪುವಿನಲ್ಲಿ ಸಂಸಾರ ಮಾಡಿ, ವಾರಕ್ಕೆ ನಾಲ್ಕು ದಿನ ಬಂಗುಡೆ ತಿಂದು, ಬಂಗುಡೆಯ ಹಿಂಡಿಗೆ ನಾನು ಒಂದು ತಿಂಗಳು ಮರುಗಿದ್ದೆ. ಅಂಗಡಿಯಲ್ಲಿ ಒಬ್ಬನೇ ನಕ್ಕೆ. ಆಮೇಲೆ ಕಿವಿ ಬಿಸಿಯಾಯಿತು. ಮೇಡಂ ಎದುರು ಆ ಮಾತು ಹೇಳಿದ್ದರೆ, ಅಗತ್ಯವಿಲ್ಲ ಎಂದದ್ದು ಸರಿಯೇ ಎಂದು ಮೇಡಂ ಮನಸ್ಸಿನಲ್ಲಿ ಅಂದುಕೊಳ್ಳುತ್ತಿದ್ದರು. ಪುಸ್ತಕವನ್ನು ಕಪಾಟಿಗೆ ಸೇರಿಸಿ ಸುಮ್ಮನಿರಬಹುದಿತ್ತು. ಚೀಲಕ್ಕೆ ನಿಘಂಟನ್ನೂ ಹಾಕಿದೆ, ಮರುದಿನ ಬಸ್ಸಿನಲ್ಲಿ ಮೊದಲ ಪುಟದಿಂದ ಮತ್ತೆ ಹಿಡಿದೆ. ಪುಸ್ತಕ ಕೇಳಿ ಬಂದವರನ್ನು ಕಾಯಿಸಿದೆ. ಮಳೆಗಾಲ ಮುಗಿಯಿತು, ಭಾವನ ಬೋಟು ನೀರಿಗಿಳಿಯಿತು, ಆಮೇಲೆ ನನ್ನದು ಮುಗಿಯಿತು.

ಆ ಶನಿವಾರ ಮೇಡಂ ಕೊಡೆ ಮಡಿಸುವ ಮೊದಲೇ ಹೇಳಿದೆ. "ತಾಟೆಯ ಪುಸ್ತಕ ಓದಿದೆ ಮೇಡಂ. ಎರಡು ಸಲ."

"ಎರಡು ಸಲವಾ? ಯಾಕೆ?"

ಮ್ಯಾಕರೆಲ್ ಊರಿನ ಶಾಲೆಯ ಕಥೆಯನ್ನು ನಾನೇ ಹೇಳಿದೆ. ಬೇರೆಯವರು ನನ್ನ ಬಗ್ಗೆ ಹೇಳಿ ನಗುವುದಕ್ಕಿಂತ ನಾನೇ ಹೇಳುವುದು ವಾಸಿ. ಮೇಡಂ ಕುರ್ಚಿ ಹಿಡಿದು ನಕ್ಕರು, ಕನ್ನಡಕ ತೆಗೆದು ಕಣ್ಣೊರೆಸಿದರು. ಆಮೇಲೆ ಕೂತು, "ಸರಿ. ನಿಮ್ಮ ಅಭಿಪ್ರಾಯ ಎಂತ?" ಎಂದರು.

"ಕ್ಯಾಪ್ಟನ್ ಸುಳ್ಳು, ಅವನ ಪ್ರೇಮವೂ ಸುಳ್ಳು. ಅಷ್ಟು ನೀವು ಹೇಳಿದ್ದು ಸರಿ. ಆದರೆ ಆ ಅಡುಗೆಯವನು ಉಂಟಲ್ಲ, ತಾಟೆ ಹಡಗಿಗೆ ಗುದ್ದುವಾಗ ಅನ್ನದ ಪಾತ್ರೆ ಚೆಲ್ಲದ ಹಾಗೆ ಅಪ್ಪಿ ಹಿಡಿದವನು, ಅವನನ್ನು ನೀವು ನೋಡಲೇ ಇಲ್ಲ. ಹಲ್ಲು ಮಾತ್ರ ನೋಡಿದ್ದೀರಿ."

"ನೋಡದೆ ಏನು ಮಾರಾಯ್ರೆ? ಅವನನ್ನು ಇಟ್ಟದ್ದೇ ಕೊಲ್ಲಲಿಕ್ಕೆ. ಕಥೆಯಲ್ಲಿ ಅವನು ಎರಡನೇ ಸಲ ಬಂದಾಗಲೇ ನನಗೆ ಗೊತ್ತಾಯಿತು."

"ನನಗೂ ಗೊತ್ತಾಯಿತು. ಆದರೂ ಅವನು ಸತ್ತ ದಿನ ಬಸ್ಸು ಉಡುಪಿಗೆ ಬಂದದ್ದು ತಿಳಿಯಲಿಲ್ಲ, ಕಂಡಕ್ಟರ್ ಬಂದು ಎಬ್ಬಿಸಿದ."

"ಅದು ನಿಮ್ಮ ಒಳ್ಳೆಯತನ. ಬರೆದವನ ಸಾಮರ್ಥ್ಯ ಅಲ್ಲ."

"ಕ್ಯಾಪ್ಟನ್ನನ ವಿಷಯದಲ್ಲಿ ನನ್ನ ಒಳ್ಳೆಯತನ ಯಾಕೆ ಬರಲಿಲ್ಲ ಹಾಗಾದರೆ?"

ಮೇಡಂ ಪಾತ್ರ ಕಟ್ಟುವುದು ಹೇಗೆಂದು ಉದ್ದಕ್ಕೆ ಹೇಳಿದರು. ಅರ್ಧ ನನಗೆ ಒಪ್ಪಿಗೆಯಾಯಿತು, ಅರ್ಧ ಇವತ್ತಿಗೂ ಇಲ್ಲ. ಇಲ್ಲ ಎಂದೇ ಹೇಳಿದೆ. ಮಾತಿನ ನಡುವೆ ಕಾರ್ಕಳದ ಬಸ್ಸು ಹೋಯಿತು. ಪುಸ್ತಕ ಒಯ್ಯದೆ, ಮುಖ ಬಿಗಿದುಕೊಂಡೇ ಹೊರಟರು. ಗಿರಾಕಿಗೆ ಎದುರಾಡಿದ್ದು ಅದೇ ಮೊದಲು. ಅವರು ಮತ್ತೆ ಬಾರದೆ ಇರಬಹುದು ಎಂದು ತೋರಿತು. ಆದರೂ ಪೆನ್ಸಿಲ್ ತೆಗೆದು, ತಾಟೆಯ ಪುಸ್ತಕದ ಕೊನೆಯ ಹಾಳೆಯಲ್ಲಿ ಉಳಿದ ಜಾಗದಲ್ಲಿ ಕನ್ನಡದಲ್ಲೇ ಬರೆದೆ: 'ಮೀನಿಗಿಂತ ಅಡುಗೆಯವನು ದೊಡ್ಡವನು. ಓದಿ. ಅಂಗಡಿಯವನು.'

ಮುಂದಿನ ಶನಿವಾರ ಅವರು ಬಂದರು. ಕೂರುವ ಮೊದಲು ಆ ಪುಸ್ತಕ ಕೇಳಿದರು. ಕೊನೆಯ ಹಾಳೆ ತೆರೆದು, ಓದಿ, ನನ್ನ ಮೇಜಿನ ಪೆನ್ಸಿಲನ್ನೇ ತೆಗೆದುಕೊಂಡು ಕೆಳಗೆ ಕನ್ನಡದಲ್ಲಿ ಬರೆದರು: 'ಅಂಗಡಿಯವರ ಮಾತು ನಂಬಬೇಡಿ.'

ಪೆನ್ಸಿಲ್ ಕೆಳಗಿಟ್ಟು, "ಈಗ ಹೇಳಿ," ಎಂದರು. "ಮುಂದೆ ಯಾವುದು ಓದುತ್ತೀರಿ?"

ಈಗ ನನ್ನಲ್ಲಿ ಇರುವುದು ಇಷ್ಟು. ಮಣಿಪಾಲದಲ್ಲಿ ಒಂದು ಅಂಗಡಿ, ಕಾಪುವಿನಲ್ಲಿ ಒಂದು ಮನೆ, ಒಂದು ಕನ್ನಡಕ, ಬೆನ್ನು ಬಿಟ್ಟ ಒಂದು ನಿಘಂಟು, ಸುಮಾರು ನಾಲ್ಕು ಸಾವಿರ ಪುಸ್ತಕ. ಅವುಗಳಲ್ಲಿ ಪೂರ್ತಿ ಓದಿದ ಇಂಗ್ಲಿಷ್ ಪುಸ್ತಕ ಮೂರು. ನಾಲ್ಕನೆಯದರಲ್ಲಿ ಎಪ್ಪತ್ತನೇ ಪುಟದಲ್ಲಿದ್ದೇನೆ.