ನಾಲ್ಕನೆಯ ಫ್ಲಾಪಿಯ ವಿಭೂತಿ

ಕಳೆದ ತಿಂಗಳು ಜೇವರ್ಗಿಯಲ್ಲಿ ಹೊಸ ಖೋಲಿಗೆ ಬಂದೆ. ಸಾಮಾನು ಹೆಚ್ಚೇನಿಲ್ಲ. ಒಂದು ಟ್ರಂಕು, ಪುಸ್ತಕ ತುಂಬಿದ ಎರಡು ರಟ್ಟಿನ ಪೆಟ್ಟಿಗೆ, ಒಂದು ಸ್ಟೋವು. ಒಳಗೆ ಏನೇನಿದೆ ಎಂದು ಪಟ್ಟಿ ಬರೆದು ಪೆಟ್ಟಿಗೆಯ ಮೇಲೆ ಅಂಟಿಸುವ ಅಭ್ಯಾಸ ನನ್ನದು. ಅಮ್ಮ ಅದನ್ನು ಕಂಡಾಗಲೆಲ್ಲ ನಗುತ್ತಾಳೆ. ಎರಡನೆಯ ಪೆಟ್ಟಿಗೆಯ ತಳದಲ್ಲಿ ಪಟ್ಟಿಯಲ್ಲಿಲ್ಲದ ಒಂದು ಪ್ಲಾಸ್ಟಿಕ್ ಡಬ್ಬಿ ಸಿಕ್ಕಿತು. ಮುಚ್ಚಳ ತೆಗೆದರೆ ಕರ್ಪೂರ, ವಿಭೂತಿ ಬೆರೆತ ವಾಸನೆ. ದೇವರ ಸಾಮಾನು ಇರಬೇಕು ಎಂದು ನೀವು ಅಂದುಕೊಂಡರೆ ತಪ್ಪಿಲ್ಲ. ಒಳಗಿದ್ದದ್ದು ಐದು ಫ್ಲಾಪಿಗಳು. ನಾಲ್ಕನೆಯದರ ಚೀಟಿಯ ಮೇಲೆ ಮೂರು ಬಿಳಿಯ ಗೆರೆ, ನೀಲಮ್ಮ ಆಯಿಯ ಮೂರು ಬೆರಳುಗಳ ಅಳತೆಗೆ ಸರಿಯಾಗಿ.

ಆ ಗೆರೆಗಳ ಬಗ್ಗೆ ಹೇಳಬೇಕೆಂದರೆ ನೀವು ನನ್ನ ಜೊತೆ ಆಳಂದಕ್ಕೆ ಬರಬೇಕು, ಐದಾರು ವರ್ಷ ಹಿಂದಕ್ಕೂ ಬರಬೇಕು. ಗಣಿತದಲ್ಲಿ ಎಂ.ಎಸ್ಸಿ. ಮುಗಿಸಿ, ಕಾಲೇಜಿನ ಕೆಲಸದ ಕರೆ ಬರುವವರೆಗೆ ಮನೆಯಲ್ಲಿದ್ದೆ. ಓದಿದ ಹುಡುಗಿ ಮನೆಯಲ್ಲಿ ಸುಮ್ಮನೆ ಕುಳಿತಿದ್ದಾಳೆಂದರೆ ನೋಡಲು ಬರುವವರು ಹೆಚ್ಚಾಗುತ್ತಾರೆ. ಅವರಿಗೆಲ್ಲ ಚಹಾ ಕೊಟ್ಟು ಬೇಸರವಾದ ಮೇಲೆ ನಮ್ಮ ಓಣಿಯ ಶರಣಪ್ಪ ಕಾಕಾ ನಡೆಸುತ್ತಿದ್ದ ಪ್ರಿಂಟಿಂಗ್ ಪ್ರೆಸ್ಸಿಗೆ ಹೋಗತೊಡಗಿದೆ. ಅವರು ನಮಗೆ ಸಂಬಂಧಿಕರಲ್ಲ, ಓಣಿಗೆಲ್ಲ ಕಾಕಾ. ಮದುವೆ ಕಾರ್ಡು, ತೊಟ್ಟಿಲು ಕಾರ್ಡು ಅಚ್ಚು ಹಾಕುತ್ತಿದ್ದವರು ಸೊಲ್ಲಾಪುರದಿಂದ ಒಂದು ಕಂಪ್ಯೂಟರು ತಂದಿದ್ದರು. ಯಾರೋ ವರ್ಷಗಟ್ಟಲೆ ಬಳಸಿ ಬಿಟ್ಟದ್ದು. ಅದು ಚಾಲೂ ಆಗುವಷ್ಟರಲ್ಲಿ ಕಾಕಾನ ತಾಯಿ ನೀಲಮ್ಮ ಆಯಿ ಒಳಗೆ ಚಹಾ ಕಾಸಿ ಸೋಸಿ ತಂದುಬಿಡುತ್ತಿದ್ದಳು.

"ಎದ್ದಿತೇನವ್ವಾ ನಿನ್ನ ಪೆಟಗಿ?"

"ಎಬ್ಸಾಕತ್ತೇನಿ ಆಯಿ."

"ಭಾಳ ಮಕ್ಕೊಂತದ ಅದು. ನಮ್ಮ ಶರಣ್ಯಾನಂಗ."

ಕಾಕಾ ಕೇಳಿಸದವರಂತೆ ಕಾಗದ ಕತ್ತರಿಸುತ್ತಿದ್ದರು.

ಭೀಮರಾಯ ಮಾಸ್ತರು ಬಂದದ್ದು ಅಲ್ಲಿಗೇ. ನಿವೃತ್ತರಾದ ಭೂಗೋಳದ ಮಾಸ್ತರು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕುಗಳಲ್ಲಿ ವರ್ಗವಾಗಿ ತಿರುಗಿದವರು. ಬೇರೆ ಮಾಸ್ತರುಗಳು ಹೋದ ಊರಲ್ಲಿ ಮೊದಲು ಬಾಡಿಗೆ ಮನೆ ಹುಡುಕಿದರೆ ಇವರು ಬಾವಿ ಹುಡುಕುತ್ತಿದ್ದರಂತೆ. ಎಷ್ಟು ಮೆಟ್ಟಿಲು, ಯಾವ ಕಲ್ಲು, ಯಾರು ತೋಡಿಸಿದ್ದು, ನೀರಿನ ರುಚಿ ಹೇಗೆ ಎಂದೆಲ್ಲ ಬರೆದಿಟ್ಟ ಹನ್ನೊಂದು ನೋಟ್‌ಬುಕ್ಕುಗಳನ್ನು ಹೆಗಲ ಚೀಲದಲ್ಲಿ ಹೊತ್ತು ತಂದಿದ್ದರು. ರುಚಿಯ ವಿಷಯದಲ್ಲಿ ಅವರದೊಂದು ನಿಯಮವಿತ್ತು: ಸ್ವತಃ ಕುಡಿಯದೆ ಬರೆಯುವ ಹಾಗಿಲ್ಲ.

"ನಳ ಬಂದಾವ, ಬೋರ್ ಬಂದಾವ. ಬಾವ್ಯಾಗ ಈಗ ಹರಕ ಚಪ್ಪಲಿ ಒಗೀತಾರ ತಂಗಿ," ಎಂದರು. "ಹೆಸರಾದ್ರೂ ಪುಸ್ತಕದಾಗ ಉಳೀಲಿ."

ಎಂಟು ತಿಂಗಳು ಆ ಬಾವಿಗಳನ್ನು ಟೈಪು ಮಾಡಿದೆ. ಇಷ್ಟು ಸಂತೋಷದ ಕೆಲಸವನ್ನು ನಾನು ಮತ್ತೆ ಮಾಡಿಲ್ಲ. ಅವರ ವಾಕ್ಯಗಳು ಗಿಡ್ಡ, ತೀರ್ಪು ಖಚಿತ. "ಖಜೂರಿ, ದಾರಿಯ ಬಾವಿ. ನೀರು ಸಿಹಿ. ಲಾರಿಯವರು ಮೀಯುವುದರಿಂದ ಸಾಬೂನಿನ ವಾಸನೆ. ಬಾವಿಯ ತಪ್ಪಲ್ಲ." ಇದನ್ನು ಟೈಪು ಮಾಡಿದ ದಿನ ನಾನು ಒಬ್ಬಳೇ ನಕ್ಕದ್ದನ್ನು ಕಂಡು ಆಯಿ ದೃಷ್ಟಿ ತೆಗೆಯಬೇಕೇನೋ ಎಂದು ಯೋಚಿಸಿದ್ದಳು.

ಕೊನೆಯ ಪುಟ ಮುಗಿದ ದಿನ ಮಾಸ್ತರು ಪರದೆಯನ್ನೇ ನೋಡುತ್ತ ಕೇಳಿದರು.

"ತಂಗಿ, ಇದರೊಳಗ ಹ್ವಾದದ್ದು ಮತ್ತ ಅಳಿಸಿ ಹೋಗಂಗಿಲ್ಲಲ್ಲ?"

"ಇಲ್ರಿ ಸರ್. ಹೋಗಂಗಿಲ್ಲ."

ನಾನು ಸಾಮಾನ್ಯವಾಗಿ ಅಳೆದು ಮಾತಾಡುವವಳು. ಅಂದು ಮಾತ್ರ ಅಳೆಯಲಿಲ್ಲ.

ನಮ್ಮ ಕಡೆ ಅಕ್ಷರವಿರುವ ಕಾಗದವನ್ನು ತಿಪ್ಪೆಗೆ ಹಾಕುವುದಿಲ್ಲ, ಒಲೆಗೂ ಹಾಕುವುದಿಲ್ಲ. ಜೀರ್ಣವಾದ ಪುಸ್ತಕವನ್ನು ಹರಿಯುವ ನೀರಿಗೆ ಬಿಡುತ್ತೇವೆ. ಮಾಸ್ತರರ ನೋಟ್‌ಬುಕ್ಕುಗಳಿಗೆ ಗೆದ್ದಲು ಹತ್ತಿತ್ತು. ಮುಂದಿನ ಅಮಾವಾಸ್ಯೆಗೆ ಅವರು ಘತ್ತರಗಿಗೆ ಹೋಗಿ ಭಾಗ್ಯವಂತಿಯ ದರ್ಶನ ಮಾಡಿಕೊಂಡು, ಹನ್ನೊಂದನ್ನೂ ಭೀಮಾ ಹೊಳೆಗೆ ಬಿಟ್ಟು ಬಂದರು. "ಹೆಗಲ ಹಗುರಾತು ನೋಡವ್ವಾ," ಎಂದು ಪ್ರಸಾದ ಕೊಟ್ಟರು. ನಾನು ಪ್ರಸಾದ ತಿಂದು, ನನ್ನಿಂದ ಒಂದು ಒಳ್ಳೆಯ ಕೆಲಸವಾಯಿತಲ್ಲ ಎಂದು ಬೀಗಿದೆ. ಪ್ರಿಂಟರಿನ ರಿಬ್ಬನ್ ಸವೆದಿದ್ದರಿಂದ ಕಾಗದದ ಮೇಲೆ ಒಂದು ಪ್ರತಿಯನ್ನೂ ತೆಗೆದಿರಲಿಲ್ಲ. ಫ್ಲಾಪಿಗೂ ಇಳಿಸಿರಲಿಲ್ಲ, ಇದ್ದದ್ದೆಲ್ಲ ಆ ಕಂಪ್ಯೂಟರಿನೊಳಗೇ. ಹೋಗುವುದಿಲ್ಲ ಎಂದು ನಾನೇ ಹೇಳಿದ ಮೇಲೆ ಯಾಕೆ ಇಳಿಸಬೇಕು?

ಎರಡು ವಾರದ ಮೇಲೆ ಒಂದು ಮಧ್ಯಾಹ್ನ ಅಂದೋಲಾದ ಬಾವಿಗಳ ಪುಟ ತೆರೆದು ತಪ್ಪು ತಿದ್ದುತ್ತಿದ್ದೆ. ಕರೆಂಟು ಹೋಯಿತು, ಬಂತು, ಮತ್ತೆ ಹೋಯಿತು. ಆಮೇಲೆ ಕಂಪ್ಯೂಟರು ಎದ್ದಿತು. ಆದರೆ ಅದರೊಳಗಿನ ಕನ್ನಡ ಬರೆಯುವ ಸಾಫ್ಟ್‌ವೇರು ಕೆಟ್ಟಿತ್ತು. ಯಾವ ಪುಟ ತೆರೆದರೂ ಅಕ್ಷರಗಳ ಜಾಗದಲ್ಲಿ ಚೌಕಗಳು, ನಡುನಡುವೆ ತಲೆಕಟ್ಟಿಲ್ಲದ ಒಂದೆರಡು ಅಕ್ಷರ. ಎಂಟು ತಿಂಗಳ ಬಾವಿಗಳು ಹಾಗೆ ಸಾಲಾಗಿ ನಿಂತಿದ್ದವು.

ಅದೇ ಹೊತ್ತಿಗೆ ಮಾಸ್ತರು ಬಂದರು. ಕನ್ನಡಕ ಹಾಕಿ ನೋಡಿದರು, ತೆಗೆದು ಒರೆಸಿ ಮತ್ತೆ ನೋಡಿದರು.

"ಎಲ್ಲಾ ಬಾವಿ ಹೂಳು ತುಂಬ್ಯಾವಲ್ಲ ತಂಗಿ."

ಬೈದಿದ್ದರೆ ಸಹಿಸುತ್ತಿದ್ದೆ. ಅವರು ಬೈಯಲಿಲ್ಲ. ನೋಟ್‌ಬುಕ್ಕುಗಳ ಮಾತನ್ನೂ ಎತ್ತಲಿಲ್ಲ. ಸ್ಟೂಲಿನ ಮೇಲೆ ಕುಳಿತು ಖಾಲಿ ಚೀಲವನ್ನು ಮಡಚಿ ಮಡಚಿ ಚಿಕ್ಕದು ಮಾಡಿದರು.

ಮರುದಿನ ನಾನು ಮಾಡಿದ ಮೊದಲ ಉಪಾಯ, ಕೆಟ್ಟದ್ದರ ಮೇಲೆಯೇ ಹೊಸದನ್ನು ಹಾಕುವುದು. ಸಾಫ್ಟ್‌ವೇರಿನ ಮೂಲ ಫ್ಲಾಪಿಗಳು ಐದಿದ್ದವು. ಎರಡನೆಯದಕ್ಕೇ ಕಂಪ್ಯೂಟರು 'ಎಲ್ಲವೂ ಇದೆ, ಕೆಲಸ ಮುಗಿಯಿತು' ಎಂದು ಹೇಳಿತು. ಇರುವ ಫೈಲನ್ನು ಅದು ಮುಟ್ಟುವುದಿಲ್ಲ. ಆ ಫೈಲು ಕೆಟ್ಟಿದೆಯೇ ಎಂದು ವಿಚಾರಿಸುವುದೂ ಇಲ್ಲ. ಚೌಕಗಳು ಹಾಗೇ ಉಳಿದವು. ಹಳೆಯದನ್ನು ಒಂದು ಚೂರೂ ಬಿಡದೆ ತೆಗೆದು, ಮೊದಲಿನಿಂದ ಹಾಕುವುದೊಂದೇ ದಾರಿ.

ತೊಡಕು ಏನೆಂದರೆ, ಸಾಫ್ಟ್‌ವೇರಿನ ಫೈಲುಗಳೂ ಬಾವಿಗಳ ಫೈಲುಗಳೂ ಒಂದೇ ಖಾನೆಯಲ್ಲಿ ಕಲೆತಿದ್ದವು. ಹಾಗೆ ಇಟ್ಟವಳೂ ನಾನೇ. ಬೇರೆ ಮಾಡಿ ಉಳಿಸಿಕೊಂಡರೂ, ಹೊಸ ಸಾಫ್ಟ್‌ವೇರು ಬಂದು ತೆರೆಯುವವರೆಗೆ ಅವುಗಳಲ್ಲಿ ಮಾಸ್ತರರ ಮಾತು ಉಳಿದಿದೆಯೋ ಚೌಕವೇ ಉಳಿದಿದೆಯೋ ತಿಳಿಯುವಂತಿರಲಿಲ್ಲ.

"ತಗದ ಮ್ಯಾಲ ಬರಲಿಲ್ಲಂದ್ರ?" ಕಾಕಾ ಕೇಳಿದರು.

"ಗೊತ್ತಿಲ್ರಿ ಕಾಕಾ."

"ಹಂಗಾರ ಮುಟ್ಟಬ್ಯಾಡ. ಅರ್ಧಂಬರ್ಧ ಆದ್ರೂ ಕಾಣತದಲ್ಲ ಈಗ."

ಮಾಸ್ತರು ಎಲೆ ಅಡಿಕೆಯನ್ನು ದವಡೆಯ ಆ ಕಡೆಗೆ ಸರಿಸಿದರು. "ಶರಣಪ್ಪಾ, ನೀ ಎಂದರ ಬಾವಿ ಹೂಳು ತೆಗಸೀದೇನು? ಅರ್ಧ ನೀರು ಇಟಗೊಂಡು ಹೂಳು ತೆಗ್ಯಾಕ ಬರಂಗಿಲ್ಲ. ಇದ್ದಷ್ಟೂ ನೀರು ಹೊರಗ ಹಾಕಬೇಕು. ತಳ ಕಂಡಾಗ ಊರ ಮಂದಿಗಿ ಎದಿ ಧಸಕ್ ಅಂತದ, ಖರೆ. ಆದ್ರ ನೀರು ಇರೋದು ಬಾವ್ಯಾಗಲ್ಲ, ಸೆಲ್ಯಾಗ." ನನ್ನ ಕಡೆ ತಿರುಗಿದರು. "ತೆಗಿ ತಂಗಿ."

ಮಾತು ಧೈರ್ಯದ್ದು. ಆದರೆ ಚೀಲ ಮತ್ತೆ ಮಡಚಿಕೊಳ್ಳುತ್ತಿತ್ತು.

ಖಾನೆಯಲ್ಲಿದ್ದ ಒಂದೊಂದು ಫೈಲಿನ ಹೆಸರನ್ನೂ ಹಾಳೆಯ ಮೇಲೆ ಬರೆದುಕೊಂಡೆ. ಮೂರು ಸಾಲು ಮಾಡಿದೆ: ಬಾವಿಯದು, ಸಾಫ್ಟ್‌ವೇರಿನದು, ಗೊತ್ತಿಲ್ಲದ್ದು. ಎಂ.ಎಸ್ಸಿ. ಮಾಡಿದವಳ ಹಾಳೆಯಲ್ಲಿ ಮೂರನೆಯ ಸಾಲೇ ಉದ್ದವಾಗಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಬಾವಿಯ ಫೈಲುಗಳನ್ನೂ, ಗೊತ್ತಿಲ್ಲದವುಗಳನ್ನೂ ಖಾಲಿ ಫ್ಲಾಪಿಗಳಿಗೆ ಇಳಿಸಿ, ಉಳಿದದ್ದನ್ನು ಅಳಿಸಿದೆ. ಖಂಡಿತವೇ ಎಂದು ಕಂಪ್ಯೂಟರು ಪ್ರತಿ ಸಲ ಕೇಳುತ್ತಿತ್ತು. ನಾನು ಮಾಸ್ತರರಿಗೆ ಉತ್ತರ ಕೊಟ್ಟಷ್ಟು ಸಲೀಸಾಗಿ ಅದಕ್ಕೆ ಉತ್ತರ ಕೊಡಲು ಆಗಲಿಲ್ಲ.

ಹೊಸದಾಗಿ ಹಾಕಲು ಶುರುಮಾಡಿದೆ. ಒಂದು, ಎರಡು, ಮೂರು ಸರಿಯಾಗಿ ಹೋದವು. ನಾಲ್ಕನೆಯ ಫ್ಲಾಪಿ ಕಟಕಟ ಹಲ್ಲು ಕಡಿಯಿತು, ನಿಂತಿತು. ತೆಗೆದು ಹಾಕಿದೆ, ಮತ್ತೆ ಅದೇ. ಈಗ ಕಂಪ್ಯೂಟರಿನಲ್ಲಿ ಹಳೆಯದೂ ಇರಲಿಲ್ಲ, ಹೊಸದೂ ಇರಲಿಲ್ಲ. ತಳ ಕಂಡಿತ್ತು.

ಫ್ಲಾಪಿಯನ್ನು ಬೆಳಕಿಗೆ ಹಿಡಿದು ನೋಡಿದಾಗ ಚೀಟಿಯ ಮೇಲಿನ ಮೂರು ಗೆರೆ ಕಂಡವು. ಮಹಾನವಮಿಯ ಖಂಡೇ ಪೂಜೆಯಲ್ಲಿ ಆಯಿ ಕಾಗದ ಕತ್ತರಿಸುವ ಯಂತ್ರಕ್ಕೆ, ಅಚ್ಚಿನ ಯಂತ್ರಕ್ಕೆ, ಕಂಪ್ಯೂಟರಿಗೆ ವಿಭೂತಿ ಹಚ್ಚಿದ್ದಳು. ಫ್ಲಾಪಿಗಳನ್ನೂ ಬಿಟ್ಟಿರಲಿಲ್ಲ. ನಾಲ್ಕನೆಯದರ ತಗಡಿನ ಬಾಗಿಲು ಸರಿಸಿದರೆ ಒಳಗಿನ ಕಪ್ಪು ತಟ್ಟೆಯ ಮೇಲೆ ಬೂದಿಯ ಹುಡಿ.

"ಅವ್ವಾ, ನೀ ಹಚ್ಚಿದ ಈಬತ್ತಿಲೆ ಕೆಟ್ಟದ ನೋಡು ಇದು," ಕಾಕಾ ದನಿ ಏರಿಸಿದರು.

ಆಯಿ ಹತ್ತಿರ ಬಂದು ಫ್ಲಾಪಿಯನ್ನು ನೋಡಿದಳು. "ಹಚ್ಚಿದ್ದಕ್ಕ ಒಂದ ಕೆಟ್ಟದ. ಹಚ್ಚಲಾರದ ಬಿಟ್ಟಿದ್ರ ಐದೂ ಕೆಡತಿದ್ವು," ಎಂದು ಹೇಳಿ ಒಳಗೆ ಹೋದಳು. ಈ ತರ್ಕವನ್ನು ಮುರಿಯಲು ನನ್ನ ಗಣಿತ ಇವತ್ತಿಗೂ ಸಾಲದು.

ಹಾಗೆಂದು ಆಯಿ ಸುಮ್ಮನಾಗಲಿಲ್ಲ. ತನ್ನ ಹಳೆಯ ಸೀರೆಯ ತೆಳ್ಳನೆಯ ಚೂರು ತಂದು ಕೈಗಿಟ್ಟಳು. ಕಾಕಾ ಪಕ್ಕದ ದವಾಖಾನೆಯಿಂದ ಒಂದು ಚೂರು ಸ್ಪಿರಿಟ್ ತಂದರು. ಬಟ್ಟೆಯ ತುದಿ ಅದ್ದಿ, ತಟ್ಟೆಯನ್ನು ಬೆರಳಿನಿಂದ ಒಂದಿಷ್ಟೇ ತಿರುಗಿಸುತ್ತ ಒರೆಸಿದೆ. ಆರಲು ಬಿಟ್ಟೆ. ಹಾಕಿದೆ, ಕಟಕಟ ಅಂದಿತು. ಮತ್ತೆ ಒರೆಸಿದೆ. ಮೂರನೆಯ ಸಲ ಹಲ್ಲು ಕಡಿಯುವುದು ನಿಂತು ಅದು ಮೆಲ್ಲಗೆ ಓದತೊಡಗಿತು. ಆಮೇಲೆ ಐದನೆಯದನ್ನು ಕೇಳಿತು.

ಮೊದಲು ತೆರೆದದ್ದು ಖಜೂರಿಯ ಫೈಲು. ಪರದೆಯ ಮೇಲೆ ಸಾಲುಗಳು ಒಂದೊಂದಾಗಿ ಬಂದವು. ಮಾಸ್ತರು ಎದ್ದು ನಿಂತು ಗಟ್ಟಿಯಾಗಿ ಓದಿದರು: "ಬಾವಿಯ ತಪ್ಪಲ್ಲ." ಓದಿ ಸ್ಟೂಲಿನ ಮೇಲೆ ಕುಳಿತರು. ಚೀಲ ನೆಲಕ್ಕೆ ಬಿತ್ತು. ಯಾರೂ ಎತ್ತಲಿಲ್ಲ.

ಎಲ್ಲ ಊರುಗಳೂ ಬಂದವು, ಒಂದನ್ನು ಬಿಟ್ಟು. ಕರೆಂಟು ಹೋದಾಗ ತೆರೆದಿದ್ದ ಅಂದೋಲಾದ ಫೈಲು ಬರಿದಾಗಿತ್ತು. ಅದರಲ್ಲಿ ಆರು ಬಾವಿಗಳಿದ್ದವು.

"ನೆನಪಿಲೆ ಬರೀಬಹುದಲ್ರಿ ಸರ್," ಎಂದೆ.

"ನೆನಪಿಗಿ ರುಚಿ ಇರಂಗಿಲ್ಲ ತಂಗಿ. ಹೋಗಿ ಕುಡೀಬೇಕು."

ಆ ಭಾನುವಾರ ಇಬ್ಬರೂ ಬಸ್ಸು ಬದಲಿಸಿ ಬದಲಿಸಿ ಅಂದೋಲಾಕ್ಕೆ ಹೋದೆವು. ಅಪ್ಪ ಬೇಡವೆನ್ನಲಿಲ್ಲ, ಮಾಸ್ತರು ಅವರಿಗೂ ಭೂಗೋಳ ಕಲಿಸಿದವರು. ದಾರಿಯುದ್ದಕ್ಕೂ ತೊಗರಿ ಹೊಲಗಳು ಹಳದಿ ಹೂ ಬಿಟ್ಟಿದ್ದವು. ಮನಸ್ಸಿನಲ್ಲಿರುವುದನ್ನು ಹೇಳಿ ಅಭ್ಯಾಸವಿಲ್ಲದ ನಾನು ಕಿಟಕಿಯ ಕಡೆ ಮುಖ ಮಾಡಿಯೇ ಹೇಳಿದೆ.

"ಸರ್, ಅಳಿಸಿ ಹೋಗಂಗಿಲ್ಲ ಅಂತ ನಾ ಹೇಳಬಾರದಿತ್ತು. ನಾ ಹೇಳಿದ್ದಕ್ಕ ನೀವು ಪುಸ್ತಕ ಹೊಳಿಗಿ ಬಿಟ್ರಿ."

"ಸಾಲ್ಯಾಗ ನಾನೂ ಭಾಳ ಖಾತ್ರಿಲೆ ಹೇಳೇನಿ. ಭೀಮಾ ಹೊಳಿ ಬ್ಯಾಸಗ್ಯಾಗೂ ಬತ್ತಂಗಿಲ್ಲ ಅಂತ ಹುಡುಗರಿಗಿ ಬರೆಸಿದ್ದೆ. ಮರುವರ್ಷ ಅದರಾಗೇ ಚಕ್ಕಡಿ ಹ್ವಾದವು. ಒಬ್ಬ ಹುಡುಗ ಬಂದು, ಸರ್ ಈಗ ಆ ಸಾಲು ಹೊಡದ ಹಾಕ್ಲೇನ್ರಿ ಅಂತ ಕೇಳಿದ."

"ನೀವೇನಂದ್ರಿ?"

"ಏನಂತೇನಿ? ಹೊಡದ ಹಾಕು ಅಂದೆ."

ಅಂದೋಲಾದಲ್ಲಿ ಐದು ಬಾವಿಗಳ ವಿಷಯದಲ್ಲಿ ನಮ್ಮಿಬ್ಬರದೂ ಒಂದೇ ಮಾತು. ಆರನೆಯದು ಮಠದ ದಾರಿಯಲ್ಲಿತ್ತು. ನೀರು ಸೇದುತ್ತಿದ್ದ ಹೆಣ್ಣುಮಗಳು ಮೊದಲು ಮಾಸ್ತರರ ಬೊಗಸೆಗೆ, ಆಮೇಲೆ ನನ್ನ ಬೊಗಸೆಗೆ ಸುರಿದಳು.

"ಸಿಹಿ," ಎಂದರು ಮಾಸ್ತರು.

"ಸವುಳು ಅದರಿ ಸರ್." ಉಪ್ಪಿನ ಅಂಶ ನನ್ನ ನಾಲಿಗೆಗೆ ಸ್ಪಷ್ಟವಾಗಿತ್ತು.

"ನಳದ ನೀರು ಕುಡದು ನಿನ್ನ ನಾಲಿಗಿ ಕೆಟ್ಟದ."

"ಎಲಿ ಅಡಿಕಿ ಹಾಕಿ ನಿಮ್ಮದು ಕೆಟ್ಟದರಿ."

ಹಿರಿಯರಿಗೆ ನಾನು ಎದುರು ಮಾತಾಡಿದ್ದು ಅದೇ ಮೊದಲು. ಮಾಸ್ತರರ ಹುಬ್ಬು ಮೇಲೇರಿತು. ಆಮೇಲೆ ಹೊಟ್ಟೆ ಕುಲುಕುವಂತೆ ನಕ್ಕರು. ನೀರು ಸೇದುವವಳು ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡಳು. "ಇಬ್ಬರೂ ಸುಮ್ಮ ಇರ್ರಿ. ನಾವು ದಿನಾ ಕುಡೀತೇವಿ. ನೀರು ನೀರಿನಂಗ ಅದ."

ಪುಸ್ತಕ ಅಚ್ಚಾಗುವ ಮುಂಚೆ, ಮೊದಲ ಪುಟದಲ್ಲಿ ನನ್ನ ಹೆಸರು ಹಾಕುತ್ತೇನೆ ಎಂದು ಮಾಸ್ತರು ಹಟ ಹಿಡಿದರು. ನಾನು ಬೇಡವೆಂದೆ. ಆಗಲಿ ಎಂದವರು ಅಂದೋಲಾದ ಹಾಳೆಯನ್ನು ತಂದುಕೊಟ್ಟರು. ಆರನೆಯ ಬಾವಿಯ ಕೆಳಗೆ ಹೀಗಿತ್ತು: "ನನ್ನ ನಾಲಿಗೆಗೆ ಸಿಹಿ. ಜೊತೆಗೆ ಕುಡಿದವರ ನಾಲಿಗೆಗೆ ಸವುಳು. ಎರಡನ್ನೂ ಬರೆದಿದ್ದೇನೆ." ಇದ್ದ ಹಾಗೇ ಟೈಪು ಮಾಡಿದೆ. ಅಳಿಸಲಿಲ್ಲ. ಮೂರು ತಾಲೂಕುಗಳ ಬಾವಿಗಳಲ್ಲಿ ಎರಡು ರುಚಿ ಬರೆದಿರುವುದು ಅದೊಂದಕ್ಕೇ.

ನನಗೆ ಕೆಲಸದ ಕರೆ ಬಂದು ಊರು ಬಿಡುವಾಗ ಆಯಿ ಈ ಡಬ್ಬಿಯನ್ನು ಕೈಗೆ ಕೊಟ್ಟಳು. ಕಾಕಾ ಅಷ್ಟರಲ್ಲಿ ಹೊಸ ಕಂಪ್ಯೂಟರು ತಂದಿದ್ದರು, ಇವು ಅವರಿಗೆ ಬೇಕಿರಲಿಲ್ಲ. "ಇಟ್ಕೋ. ಪೆಟಗಿಗಿ ಜಡ್ಡಾದ್ರ ಔಷಧ," ಎಂದಳು. ಡಬ್ಬಿಯೊಳಗೆ ಕರ್ಪೂರದ ಬಿಲ್ಲೆಯನ್ನೂ ಅವಳೇ ಹಾಕಿರಬೇಕು.

ಪಟ್ಟಿ ತಿದ್ದಿದೆ: "ಫ್ಲಾಪಿ ಐದು. ಒಂದಕ್ಕೆ ವಿಭೂತಿ." ಆಮೇಲೆ ಪುಸ್ತಕ ತೆಗೆದು ಆರನೆಯ ಬಾವಿಯ ಸಾಲನ್ನು ಓದಿದೆ. ಇಷ್ಟು ವರ್ಷ ಅದನ್ನು ಓದಿದಾಗಲೆಲ್ಲ ನನ್ನದೇ ಸರಿ ಎಂದುಕೊಂಡಿದ್ದೆ. ಮೊನ್ನೆ ಹಾಗೆ ಅನಿಸಲಿಲ್ಲ. ಅಂದೋಲಾ ಇಲ್ಲಿಂದ ದೂರವಲ್ಲ. ಬರುವ ಭಾನುವಾರ ಹೋಗಿ ಇನ್ನೊಮ್ಮೆ ಕುಡಿದು ನೋಡುತ್ತೇನೆ. ಸಿಹಿ ಅನಿಸಿದರೆ ಮಾಸ್ತರರಿಗೆ ಆಳಂದಕ್ಕೆ ಒಂದು ಕಾರ್ಡು ಬರೆಯಬೇಕು. ಸವುಳು ಅನಿಸಿದರೂ ಬರೆಯಬೇಕು.